ಬರೆಯದೆ ಬಿಟ್ಟ ನಕ್ಷೆಗಳ ಸಾಕ್ಷ್ಯ

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಟಸ್ಕೀಗೀ ಎಂಬ ಸಣ್ಣ ಪಟ್ಟಣವಿದೆ. 1957ರವರೆಗೆ ಅದರ ಎಲ್ಲೆ ಚೌಕಾಕಾರವಾಗಿತ್ತು. ಆ ವರ್ಷ ರಾಜ್ಯದ ಶಾಸನಸಭೆ ಒಂದು ಕಾಯ್ದೆ ತಂದು ಎಲ್ಲೆಯನ್ನು ಬದಲಿಸಿತು. ಚೌಕವಿದ್ದದ್ದು 28 ಬದಿಗಳ ಆಕೃತಿಯಾಯಿತು. ಮತದಾರರ ಪಟ್ಟಿಯಲ್ಲಿದ್ದ ಸುಮಾರು 400 ಕಪ್ಪು ಜನರಲ್ಲಿ ನಾಲ್ಕೈದು ಮಂದಿಯ ಹೊರತು ಎಲ್ಲರೂ ಊರಾಚೆಯವರಾದರು. ಬಿಳಿಯ ಮತದಾರರಲ್ಲಿ ಒಬ್ಬರೂ ಹೊರಗೆ ಬೀಳಲಿಲ್ಲ. ಯಾರೂ ಮನೆ ಬಿಟ್ಟು ಹೋಗಿರಲಿಲ್ಲ. ಗೆರೆ ಸರಿದಿತ್ತು, ಅಷ್ಟೇ.

ಬುಕರ್ ಟಿ. ವಾಷಿಂಗ್ಟನ್ ಕಟ್ಟಿ ಬೆಳೆಸಿದ ಟಸ್ಕೀಗೀ ಇನ್‌ಸ್ಟಿಟ್ಯೂಟ್ ಕೂಡ ಗೆರೆಯಾಚೆ ಹೋಯಿತು. ಅಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದ ಚಾರ್ಲ್ಸ್ ಗೊಮಿಲಿಯನ್ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ರೋಸಾ ಪಾರ್ಕ್ಸ್ ಅವರ ವಕೀಲರಾಗಿದ್ದ ಫ್ರೆಡ್ ಗ್ರೇ ಅವರೇ ಇಲ್ಲಿಯೂ ನಿಂತರು. 1960ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಗೊಮಿಲಿಯನ್ ಪರವಾಗಿ ತೀರ್ಪು ಕೊಟ್ಟಿತು. ಮೇಷ್ಟರೊಬ್ಬರು ತಮ್ಮ ಊರಿನ ನಕ್ಷೆಯನ್ನು ಕೈಯಲ್ಲಿ ಹಿಡಿದು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ನಡೆದು ಗೆದ್ದ ಈ ಕಥೆಯನ್ನು ನಾನು ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ನಾನು ಪಾಠ ಮಾಡುವುದು ಸಂಖ್ಯಾಶಾಸ್ತ್ರವನ್ನು. ಆದರೂ ಹೇಳುತ್ತೇನೆ.

ಟಸ್ಕೀಗೀಯಲ್ಲಿ ಅನ್ಯಾಯ ಬರಿಗಣ್ಣಿಗೇ ಕಾಣುತ್ತಿತ್ತು. 28 ಬದಿಗಳನ್ನು ಎಣಿಸಿದರೆ ಸಾಕಿತ್ತು. ನಾನು ಇಂದು ಹೇಳಹೊರಟಿರುವುದು ಚುನಾವಣಾ ಕ್ಷೇತ್ರಗಳ ಗಡಿಯಲ್ಲಿ ಅಡಗಿರುವ, ಕಣ್ಣಿಗೆ ಕಾಣದ ಅನ್ಯಾಯದ ಬಗ್ಗೆ, ಮತ್ತು ಅದನ್ನು ಕಾಣುವಂತೆ ಮಾಡಲು ವಿದ್ವಾಂಸರು ಪಟ್ಟ ಪಾಡಿನ ಬಗ್ಗೆ.

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. 1812ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯಪಾಲ ಎಲ್ಬ್ರಿಜ್ ಗೆರಿ ಅವರು ಸಹಿ ಹಾಕಿದ ನಕ್ಷೆಯಲ್ಲಿ ಒಂದು ಕ್ಷೇತ್ರ ಸ್ಯಾಲಮಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಹಾಗೆ ಸುತ್ತಿಕೊಂಡಿತ್ತು. ಬಾಸ್ಟನ್ನಿನ ಪತ್ರಿಕೆಯೊಂದು ಅದಕ್ಕೆ ರೆಕ್ಕೆ, ಉಗುರು ಬರೆದು, ರಾಜ್ಯಪಾಲರ ಹೆಸರನ್ನೂ ಪ್ರಾಣಿಯ ಹೆಸರನ್ನೂ ಸೇರಿಸಿ ಅಚ್ಚು ಹಾಕಿತು. ಜೆರ್ರಿಮ್ಯಾಂಡರಿಂಗ್ ಎಂಬ ಮಾತು ಅಲ್ಲಿಂದ ಬಂತು. ಕನ್ನಡದಲ್ಲಿ ನಾನು 'ಗಡಿ ತಿರುಚುವುದು' ಎನ್ನುತ್ತೇನೆ. ಆ ವರ್ಷ ಗೆರಿ ತಾವೇ ಚುನಾವಣೆಯಲ್ಲಿ ಸೋತರು, ಆದರೆ ರಾಜ್ಯದ ಸೆನೆಟ್ ಅವರ ಪಕ್ಷದ ಕೈಯಲ್ಲೇ ಉಳಿಯಿತು. ಇದನ್ನು ನೆನಪಿಡಿ. ರಾಜ್ಯಪಾಲರ ಚುನಾವಣೆಗೆ ಇಡೀ ರಾಜ್ಯವೇ ಒಂದು ಕ್ಷೇತ್ರ, ಅಲ್ಲಿ ತಿರುಚಲು ಗಡಿಯೇ ಇರುವುದಿಲ್ಲ.

ಈಗ ಕಪ್ಪುಹಲಗೆಯ ಮೇಲಿರುವ ಊರನ್ನು ನೋಡಿ. 25 ಮನೆ, ಮನೆಗೊಂದು ಮತ, ಐದೈದು ಮನೆಗಳ ಐದು ವಾರ್ಡ್. 15 ಮನೆಯವರು ಕೆರೆಯ ಹೂಳೆತ್ತಬೇಕು ಎನ್ನುತ್ತಾರೆ, 10 ಮನೆಯವರು ರಸ್ತೆ ಮೊದಲು ಎನ್ನುತ್ತಾರೆ. ಪ್ರತಿ ವಾರ್ಡಿನಲ್ಲೂ ಮೂರು ಕೆರೆ, ಎರಡು ರಸ್ತೆ ಬರುವಂತೆ ಗೆರೆ ಎಳೆದರೆ ಐದೂ ವಾರ್ಡ್ ಕೆರೆಯವರದು. ಈಗ ಅಳಿಸಿ ಬೇರೆ ಥರ ಎಳೆಯುತ್ತೇನೆ. ಒಂದು ವಾರ್ಡಿನಲ್ಲಿ ಐದೂ ಕೆರೆಯ ಮನೆ. ಇನ್ನೊಂದರಲ್ಲಿ ನಾಲ್ಕು ಕೆರೆ, ಒಂದು ರಸ್ತೆ. ಉಳಿದ ಮೂರರಲ್ಲಿ ತಲಾ ಮೂರು ರಸ್ತೆ, ಎರಡು ಕೆರೆ. ಲೆಕ್ಕ ಹಾಕಿ: ಹತ್ತೇ ಮನೆಯ ರಸ್ತೆ ಪಕ್ಷಕ್ಕೆ ಮೂರು ವಾರ್ಡ್, ಹದಿನೈದು ಮನೆಯ ಕೆರೆ ಪಕ್ಷಕ್ಕೆ ಎರಡು. ಒಬ್ಬರೂ ಮನಸ್ಸು ಬದಲಿಸಲಿಲ್ಲ, ಒಂದು ಮತವೂ ಕಳವಾಗಲಿಲ್ಲ. ಎದುರಾಳಿಗಳನ್ನು ಕೆಲವೇ ಕಡೆ ತುರುಕಿಬಿಡುವುದು, ಮಿಕ್ಕವರನ್ನು ಎಲ್ಲಿಯೂ ಬಹುಮತ ಬಾರದಂತೆ ಚದುರಿಸುವುದು, ಈ ಎರಡೇ ಕೈಚಳಕ. ಇನ್ನೂರು ವರ್ಷಗಳಿಂದ ನಡೆದುಬಂದಿರುವುದು ಇದೇ.

ಹಾಗಾದರೆ ವಕ್ರವಾದ ಗಡಿಯನ್ನು ನಿಷೇಧಿಸಿದರೆ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಕ್ಷೇತ್ರ ಎಷ್ಟು ದುಂಡಾಗಿದೆ ಎಂದು ಅಳೆಯುವ ಸೂತ್ರಗಳಿವೆ. ಕ್ಷೇತ್ರದ ಸುತ್ತಳತೆಯನ್ನೂ ವಿಸ್ತೀರ್ಣವನ್ನೂ ವೃತ್ತದೊಂದಿಗೆ ಹೋಲಿಸುವ ಪೋಲ್ಸ್‌ಬಿ–ಪಾಪರ್ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಆದರೆ ಕಡಲ ತೀರವಿರುವ ಕ್ಷೇತ್ರ ಯಾರೂ ತಿರುಚದೆಯೇ ಡೊಂಕಾಗಿರುತ್ತದೆ. ಕಂಪ್ಯೂಟರ್ ಕೈಗೆ ಬಂದ ಮೇಲೆ ಅಚ್ಚುಕಟ್ಟಾದ, ನೋಡಲು ಚೆಂದದ, ಒಳಗೆ ಪೂರ್ತಿ ಕೊಳೆತ ನಕ್ಷೆಯನ್ನೂ ಬರೆಯಬಹುದು. ಆಕಾರವನ್ನು ನೋಡಿ ಗುಣ ಹೇಳುವ ದಾರಿ ಅಲ್ಲಿಗೆ ಬಹುಮಟ್ಟಿಗೆ ಮುಚ್ಚಿತು.

ಮತದಾನದ ಹಕ್ಕಿನ ಕಡೆಗೆ ಬರುತ್ತೇನೆ. ನನಗೆ ಹೆಚ್ಚು ಹತ್ತಿರವಾದದ್ದು ಇದೇ. 1965ರ ಮಾರ್ಚ್ 7ರಂದು ಸೆಲ್ಮಾ ಪಟ್ಟಣದ ಸೇತುವೆಯ ಮೇಲೆ ಮತದ ಹಕ್ಕು ಕೇಳಿ ನಡೆದವರನ್ನು ಪೊಲೀಸರು ಲಾಠಿಗಳಿಂದ ಬಡಿದರು. ಅದೇ ಆಗಸ್ಟಿನಲ್ಲಿ ಮತದಾನದ ಹಕ್ಕು ಕಾಯ್ದೆ ಬಂತು. ಮಿಸಿಸಿಪಿ ರಾಜ್ಯದಲ್ಲಿ ಅದಕ್ಕೆ ಮೊದಲು ಅರ್ಹ ಕಪ್ಪು ಜನರಲ್ಲಿ ಶೇ 6.7ರಷ್ಟು ಮಂದಿ ಮಾತ್ರ ಪಟ್ಟಿಯಲ್ಲಿದ್ದರು. ಎರಡೇ ವರ್ಷಗಳಲ್ಲಿ ಆ ಪ್ರಮಾಣ ಶೇ 59.8ಕ್ಕೆ ಏರಿತು. ಒಂದು ಕಾಯ್ದೆ ಇಷ್ಟು ಬೇಗ ಇಷ್ಟು ಜನರ ಬದುಕನ್ನು ಮುಟ್ಟಿದ ಉದಾಹರಣೆ ಅಪರೂಪ.

ಮತಗಟ್ಟೆಯ ಬಾಗಿಲು ತೆರೆಯಿತು. ಆಗ, ಹಾಕಿದ ಮತಕ್ಕೆ ಬಲವೇ ಇರದಂತೆ ಮಾಡುವ ಉಪಾಯಗಳಿಗೆ ಹೊಸ ಜೀವ ಬಂತು. ಅಲಬಾಮಾದ ಮೊಬೈಲ್ ನಗರದಲ್ಲಿ (ಹೌದು, ಊರಿನ ಹೆಸರೇ ಅದು) ಮೂವರು ಕಮಿಷನರುಗಳನ್ನು ಇಡೀ ನಗರವೇ ಆರಿಸುತ್ತಿತ್ತು. ವಾರ್ಡ್ ಎಂಬುದೇ ಇರಲಿಲ್ಲ. ಜನಸಂಖ್ಯೆಯ ಮೂರನೆಯ ಒಂದು ಪಾಲು ಕಪ್ಪು ಜನರಿದ್ದರೂ ಅವರಲ್ಲಿ ಒಬ್ಬರೂ ಒಮ್ಮೆಯೂ ಗೆದ್ದಿರಲಿಲ್ಲ. 1980ರಲ್ಲಿ ಸುಪ್ರೀಂ ಕೋರ್ಟ್, ಪರಿಣಾಮವನ್ನು ತೋರಿಸಿದರೆ ಸಾಲದು, ದುರುದ್ದೇಶವನ್ನು ಸಾಬೀತುಪಡಿಸಿ ಎಂದಿತು. ಆ ವ್ಯವಸ್ಥೆ ಜಾರಿಗೆ ಬಂದದ್ದು 1911ರಲ್ಲಿ. ಅದನ್ನು ರೂಪಿಸಿದವರೆಲ್ಲ ತೀರಿಕೊಂಡಿದ್ದರು. ಸತ್ತವರ ಮನಸ್ಸಿನಲ್ಲಿ ಏನಿತ್ತು ಎಂದು ಸಾಬೀತು ಮಾಡುವುದು ಹೇಗೆ?

ಇತಿಹಾಸಕಾರರು ಕಡತಗಳ ಮುಂದೆ ಕುಳಿತರು. ಪೇಟನ್ ಮೆಕ್‌ಕ್ರೇರಿ ಅವರಲ್ಲೊಬ್ಬರು. ಪ್ರಕರಣ ಮತ್ತೆ ವಿಚಾರಣೆಗೆ ಬಂದಾಗ ನ್ಯಾಯಾಲಯದ ಮುಂದೆ 1909ರ ಒಂದು ಪತ್ರವಿತ್ತು. ಊರಿನ ರಾಜಕಾರಣಿ ಫ್ರೆಡರಿಕ್ ಬ್ರಾಮ್‌ಬರ್ಗ್ ರಾಜ್ಯದ ಶಾಸನಸಭೆಗೆ ಬರೆದದ್ದು ಅದು. ಅಜ್ಞಾನಿಗಳ ಮತವನ್ನು ತಡೆಯುತ್ತಿದ್ದೇವೆ ಎಂದು ನಾವು ಇಷ್ಟು ಕಾಲ ಸುಳ್ಳು ನಟಿಸುತ್ತ ಬಂದಿದ್ದೇವೆ, ನಿಜಕ್ಕೂ ತಡೆಯಹೊರಟದ್ದು ಕಪ್ಪು ಜನರ ಮತವನ್ನೇ ಎಂಬ ಅರ್ಥದ ಮಾತು ಅದರಲ್ಲಿತ್ತು. ಎಪ್ಪತ್ತು ವರ್ಷ ಹಳೆಯ ಕಾಗದ ಸಾಕ್ಷಿ ನುಡಿಯಿತು. ಆದರೆ ಪ್ರತಿ ಊರಿನಲ್ಲೂ ಇಂಥ ಪತ್ರ ಸಿಗುವುದಿಲ್ಲವಲ್ಲ. 1982ರಲ್ಲಿ ಅಮೆರಿಕದ ಸಂಸತ್ತು ಕಾಯ್ದೆಯ 2ನೆಯ ಸೆಕ್ಷನ್ನನ್ನು ತಿದ್ದಿ, ಪರಿಣಾಮವನ್ನು ತೋರಿಸಿದರೆ ಸಾಕು ಎಂದಿತು.

1986ರಲ್ಲಿ ನಾರ್ತ್ ಕ್ಯಾರಲೈನಾದಿಂದ ಬಂದ ಗಿಂಗಲ್ಸ್ ಪ್ರಕರಣದಲ್ಲಿ ಕೋರ್ಟು ಮೂರು ಷರತ್ತುಗಳನ್ನು ಹೇಳಿತು. ಅಲ್ಪಸಂಖ್ಯಾತರು ಒಂದು ಕ್ಷೇತ್ರದಲ್ಲಿ ಬಹುಮತವಾಗುವಷ್ಟು ಸಂಖ್ಯೆಯಲ್ಲಿ, ಒತ್ತಾಗಿ ನೆಲೆಸಿರಬೇಕು. ಅವರ ಮತ ಒಗ್ಗಟ್ಟಾಗಿರಬೇಕು. ಬಹುಸಂಖ್ಯಾತರು ಎದುರಾಗಿ ಒಗ್ಗಟ್ಟಿನಿಂದ ಮತ ಹಾಕಿ ಅವರ ಅಭ್ಯರ್ಥಿಯನ್ನು ಸಾಮಾನ್ಯವಾಗಿ ಸೋಲಿಸುತ್ತಿರಬೇಕು. ಮತದಾನ ಗುಪ್ತ. ಯಾರು ಯಾರಿಗೆ ಹಾಕಿದರು ಎಂದು ತಿಳಿಯುವ ದಾರಿಯೇ ಇಲ್ಲ. ಇನ್ನು ಒಗ್ಗಟ್ಟನ್ನು ತೋರಿಸುವುದೆಂತು?

ಇಲ್ಲಿ ನಮ್ಮ ಶಾಸ್ತ್ರ ಕೈಹಿಡಿಯುತ್ತದೆ. ಒಂದು ಮತಗಟ್ಟೆಯಲ್ಲಿ 1,000 ಮತ ಬಿದ್ದಿದೆ ಎನ್ನಿ. 800 ಕಪ್ಪು ಮತದಾರರು, 200 ಬಿಳಿಯರು. ಒಬ್ಬ ಅಭ್ಯರ್ಥಿಗೆ 750 ಮತ ಬಂದಿದೆ. ಬಿಳಿಯರು ಇನ್ನೂರಕ್ಕೆ ಇನ್ನೂರೂ ಆತನಿಗೇ ಹಾಕಿದ್ದರು ಎಂದುಕೊಂಡರೂ ಉಳಿದ 550 ಮತ ಕಪ್ಪು ಜನರಿಂದಲೇ ಬಂದಿರಬೇಕು. ಅಂದರೆ ಅವರಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಮಂದಿ ಅವನ ಕಡೆಗಿದ್ದರು. ಇನ್ನೊಂದು ಮತಗಟ್ಟೆಯಲ್ಲಿ 900 ಬಿಳಿಯರು, 100 ಕಪ್ಪು ಜನ. ಅದೇ ಅಭ್ಯರ್ಥಿಗೆ 150 ಮತ. ಬಿಳಿಯರಲ್ಲಿ ಅವನಿಗೆ ಹಾಕಿದವರು ಹೆಚ್ಚೆಂದರೆ ಆರರಲ್ಲೊಬ್ಬರು. ಒಬ್ಬರ ಗುಟ್ಟನ್ನೂ ಬಿಚ್ಚಲಿಲ್ಲ, ಆದರೂ ಇಡೀ ಸಮುದಾಯದ ಒಲವು ಮೇಲೆ ತೇಲಿ ಬಂತು. ಡಂಕನ್ ಮತ್ತು ಡೇವಿಸ್ ಎಂಬವರು 1953ರಲ್ಲಿ ಮುಂದಿಟ್ಟ ಸರಳ ತರ್ಕ ಇದು. 1997ರಲ್ಲಿ ಗ್ಯಾರಿ ಕಿಂಗ್ ಇದನ್ನು ನೂರಾರು ಮತಗಟ್ಟೆಗಳ ಅಂಕಿಗಳೊಂದಿಗೆ ಬೆಸೆದು ಹೊಸ ವಿಧಾನವನ್ನು ಕೊಟ್ಟರು.

ವಿದ್ಯಾರ್ಥಿಗಳು ಇಲ್ಲಿದ್ದೀರಿ ಎಂದು ಒಂದು ಎಚ್ಚರಿಕೆ ಹೇಳುತ್ತೇನೆ. 1950ರಲ್ಲಿ ರಾಬಿನ್‌ಸನ್ ಎಂಬ ವಿದ್ವಾಂಸರು ಅಮೆರಿಕದ ಜನಗಣತಿಯನ್ನಿಟ್ಟುಕೊಂಡು ಒಂದು ಸಂಗತಿ ತೋರಿಸಿದರು. ಹೊರದೇಶದಲ್ಲಿ ಹುಟ್ಟಿದವರು ಹೆಚ್ಚಿರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆಯಿತ್ತು. ಆದರೆ ಒಬ್ಬೊಬ್ಬರನ್ನೇ ನೋಡಿದರೆ ಹೊರದೇಶದಲ್ಲಿ ಹುಟ್ಟಿದವರಲ್ಲೇ ಅನಕ್ಷರತೆ ಹೆಚ್ಚು. ಅವರು ಹೋಗಿ ನೆಲೆಸಿದ್ದು ಅಕ್ಷರಸ್ಥರು ಹೆಚ್ಚಿರುವ ರಾಜ್ಯಗಳಲ್ಲಿ, ಅಷ್ಟೇ. ಗುಂಪಿನ ಸರಾಸರಿಯಿಂದ ವ್ಯಕ್ತಿಯ ಬಗ್ಗೆ ತೀರ್ಮಾನಕ್ಕೆ ಧುಮುಕಬೇಡಿ. ಚುನಾವಣೆ ಮುಗಿದ ರಾತ್ರಿ ಟಿ.ವಿ.ಯಲ್ಲಿ ಕುಳಿತು ಇಂಥ ಜಾತಿಯವರು ಇಂಥ ಪಕ್ಷಕ್ಕೆ ಹಾಕಿದರು ಎನ್ನುವ ಮಾತನ್ನು ಕೇಳುವಾಗಲೆಲ್ಲ ನನಗೆ ರಾಬಿನ್‌ಸನ್ ನೆನಪಾಗುತ್ತಾರೆ.

ನಮ್ಮಲ್ಲಿ ಹೇಗೆ ಎಂದು ನೀವು ಕೇಳುವುದು ಸಹಜ. ನಮ್ಮಲ್ಲಿ ಶಾಸಕರು ತಮ್ಮ ಕ್ಷೇತ್ರದ ಗಡಿಯನ್ನು ತಾವೇ ಬರೆದುಕೊಳ್ಳುವಂತಿಲ್ಲ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ ಕಳೆದ ಪುನರ್ವಿಂಗಡಣೆಯನ್ನು ಮಾಡಿತು. ಆ ಹೊಸ ಗಡಿಗಳಲ್ಲಿ ದೇಶದಲ್ಲೇ ಮೊದಲು ಚುನಾವಣೆ ನಡೆದದ್ದು ನಮ್ಮ ರಾಜ್ಯದಲ್ಲಿ, 2008ರ ಮೇ ತಿಂಗಳಲ್ಲಿ. ಕನಕಪುರ ಲೋಕಸಭಾ ಕ್ಷೇತ್ರ ಮಾಯವಾಗಿ ಬೆಂಗಳೂರು ಗ್ರಾಮಾಂತರ ಬಂದದ್ದು ಆಗಲೇ. ಆ ಪುನರ್ವಿಂಗಡಣೆಯನ್ನು ಆಂಧ್ರಪ್ರದೇಶ ಮತ್ತು ರಾಜಸ್ಥಾನಗಳಲ್ಲಿ ಪರೀಕ್ಷಿಸಿದ ಲಕ್ಷ್ಮಿ ಅಯ್ಯರ್ ಮತ್ತು ಮಾಯಾ ರೆಡ್ಡಿ ಅವರಿಗೆ ಅದು ಬಹುಮಟ್ಟಿಗೆ ನಿಷ್ಪಕ್ಷಪಾತವಾಗಿ ಕಂಡಿತು. ಇದು ನಾವು ಹೆಮ್ಮೆಪಡಬೇಕಾದ ವಿಷಯ. ಇಂಥ ಪರೀಕ್ಷೆಗಳು ನಮ್ಮಲ್ಲಿ ಬೆರಳೆಣಿಕೆಯಷ್ಟೇ ನಡೆದಿವೆ ಎಂಬುದು ಅಷ್ಟೇ ಬೇಸರದ ವಿಷಯ. ಅಮೆರಿಕದಲ್ಲಿ ಜನಗಣತಿಯ ಅಂಕಿಗಳು ಬೀದಿಯ ಮಟ್ಟದವರೆಗೆ, ಪುನರ್ವಿಂಗಡಣೆಗೆಂದೇ, ಎಲ್ಲರಿಗೂ ಸಿಗುತ್ತವೆ. ನಮ್ಮಲ್ಲಿ ಮತಗಟ್ಟೆವಾರು ಫಲಿತಾಂಶ ಫಾರಂ 20ರಲ್ಲಿ ಸಿಗುತ್ತದೆ, ಆದರೆ ಜನಗಣತಿಯ ಗಡಿಗೂ ಮತಗಟ್ಟೆಯ ಗಡಿಗೂ ತಾಳೆಯಾಗುವುದಿಲ್ಲ. ಮುಂದಿನ ಪುನರ್ವಿಂಗಡಣೆ ಬಾಗಿಲಲ್ಲಿ ನಿಂತಿದೆ. ರಾಜ್ಯಕ್ಕೆ ಎಷ್ಟು ಸ್ಥಾನ ಎಂಬ ಚರ್ಚೆ ನಡೆಯುತ್ತಿದೆ, ನಡೆಯಲೇಬೇಕು. ರಾಜ್ಯದೊಳಗೆ ಗೆರೆ ಎಲ್ಲಿ ಬೀಳುತ್ತದೆ ಎಂಬುದನ್ನು ಪರೀಕ್ಷಿಸುವ ಸಿದ್ಧತೆಯನ್ನು ನಮ್ಮ ವಿಶ್ವವಿದ್ಯಾಲಯಗಳು ಇಂದೇ ಶುರು ಮಾಡಬೇಕೆಂದು ನನ್ನ ಆಗ್ರಹ.

ಅಮೆರಿಕಕ್ಕೆ ಮರಳೋಣ. ಪಕ್ಷಕ್ಕಾಗಿ ಗಡಿ ತಿರುಚುವುದನ್ನು ಅಳೆಯಲು 2015ರಲ್ಲಿ ಕಾನೂನು ಪ್ರಾಧ್ಯಾಪಕ ನಿಕೊಲಸ್ ಸ್ಟೆಫನೊಪೌಲಸ್ ಮತ್ತು ರಾಜ್ಯಶಾಸ್ತ್ರಜ್ಞ ಎರಿಕ್ ಮೆಕ್‌ಗೀ ಒಂದು ಅಳತೆಗೋಲು ಕೊಟ್ಟರು. ವ್ಯರ್ಥವಾದ ಮತಗಳನ್ನು ಎಣಿಸಿ ಎಂದರು. ಸೋತವನಿಗೆ ಬಿದ್ದ ಮತವೆಲ್ಲ ವ್ಯರ್ಥ, ಗೆದ್ದವನಿಗೆ ಬೇಕಾದದ್ದಕ್ಕಿಂತ ಹೆಚ್ಚು ಬಿದ್ದ ಮತವೂ ವ್ಯರ್ಥ. ನಮ್ಮ 25 ಮನೆಯ ಊರಿನ ಎರಡನೆಯ ನಕ್ಷೆಯನ್ನು ಹೀಗೆ ಲೆಕ್ಕ ಹಾಕಿ. ಕೆರೆಯವರದು ಸೋತ ಮೂರು ವಾರ್ಡುಗಳಲ್ಲಿ ಆರು, ಗೆದ್ದ ಎರಡರಲ್ಲಿ ಮೂರು, ಒಟ್ಟು ಒಂಬತ್ತು ವ್ಯರ್ಥ. ರಸ್ತೆಯವರದು ಒಂದೇ ಒಂದು. ಅಂತರ ಎಂಟು, ಇಪ್ಪತ್ತೈದರಲ್ಲಿ ಶೇ 32. ವಿಸ್ಕಾನ್ಸಿನ್ ರಾಜ್ಯದಲ್ಲಿ 2012ರಲ್ಲಿ ರಿಪಬ್ಲಿಕನ್ನರು ಶೇ 48.6ರಷ್ಟು ಮತ ಪಡೆದು 99ರಲ್ಲಿ 60 ಸ್ಥಾನ ಗೆದ್ದಿದ್ದರು. ಆ ನಕ್ಷೆಯ ವಿರುದ್ಧದ ಮೊಕದ್ದಮೆಯಲ್ಲಿ ಈ ಅಳತೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2017ರ ವಿಚಾರಣೆಯಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಇದನ್ನು ಅರ್ಥವಾಗದ ಸಮಾಜಶಾಸ್ತ್ರೀಯ ಗೋಜಲು ಎಂಬರ್ಥದಲ್ಲಿ ತಳ್ಳಿಹಾಕಿದರು. ಕೂಡಿಸುವುದು, ಕಳೆಯುವುದು, ಭಾಗಿಸುವುದು ಬಂದರೆ ಅರ್ಥವಾಗುವ ಲೆಕ್ಕ ಇದು. ಆ ಮಾತು ನನಗೆ ಇಂದಿಗೂ ನೋವು ಕೊಡುತ್ತದೆ.

ಆದರೆ ಅಳತೆಯಲ್ಲಿ ನಿಜವಾದ ಕೊರತೆಯೂ ಇತ್ತು. ಡೆಮಾಕ್ರಟಿಕ್ ಬೆಂಬಲಿಗರು ನಗರಗಳಲ್ಲಿ ಒತ್ತಾಗಿ ವಾಸಿಸುತ್ತಾರೆ. ಯಾವ ದುರುದ್ದೇಶವೂ ಇಲ್ಲದೆ ಗೆರೆ ಎಳೆದರೂ ಅವರ ಮತ ಒಂದೆಡೆ ಗುಡ್ಡೆಯಾಗುತ್ತದೆ. ಜೋವಿ ಚೆನ್ ಮತ್ತು ಜೊನಾಥನ್ ರಾಡನ್ ಇದನ್ನು 2013ರಲ್ಲೇ ಫ್ಲಾರಿಡಾ ಇಟ್ಟುಕೊಂಡು ತೋರಿಸಿದ್ದರು. ಮತಕ್ಕೂ ಸ್ಥಾನಕ್ಕೂ ಇರುವ ಅಂತರದಲ್ಲಿ ಭೂಗೋಳದ ಪಾಲೆಷ್ಟು, ಕೈವಾಡದ ಪಾಲೆಷ್ಟು? ಈ ಪ್ರಶ್ನೆಯೇ ಹೊಸ ದಾರಿಯನ್ನು ತೆರೆಯಿತು. ಒಂದು ನಕ್ಷೆಯನ್ನು ಅದೊಂದನ್ನೇ ನೋಡಿ ತೂಗಲು ಆಗದು. ಅದೇ ನೆಲದಲ್ಲಿ, ಅದೇ ನಿಯಮಗಳ ಅಡಿಯಲ್ಲಿ ಬರೆಯಬಹುದಾಗಿದ್ದ, ಬರೆಯದೆ ಬಿಟ್ಟ ನಕ್ಷೆಗಳ ಪಕ್ಕದಲ್ಲಿ ಅದನ್ನು ನಿಲ್ಲಿಸಬೇಕು.

ಆ ನಕ್ಷೆಗಳನ್ನು ತರುವುದೆಲ್ಲಿಂದ? ಒಂದು ವಿಧಾನವನ್ನು ಹೇಳುತ್ತೇನೆ. ಮೂನ್ ಡುಚಿನ್ ಎಂಬ ಗಣಿತಜ್ಞೆ ಮತ್ತು ಅವರ ಸಂಗಡಿಗರು ಬೆಳೆಸಿದ್ದು ಇದು. ಅಕ್ಕಪಕ್ಕದ ಎರಡು ಕ್ಷೇತ್ರಗಳನ್ನು ಆರಿಸಿ ನಡುವಿನ ಗೆರೆಯನ್ನು ಅಳಿಸಿ. ಈಗ ಅದು ಒಂದೇ ದೊಡ್ಡ ಹರವು. ಅದರೊಳಗಿನ ಮತಗಟ್ಟೆಗಳನ್ನೆಲ್ಲ ಒಂದು ಬಳ್ಳಿಯಿಂದ ಜೋಡಿಸಿ. ಬಳ್ಳಿ ಎಲ್ಲ ಮತಗಟ್ಟೆಗಳನ್ನೂ ಮುಟ್ಟಬೇಕು, ಎಲ್ಲಿಯೂ ಸುತ್ತಿ ಬಂದು ತನ್ನನ್ನೇ ಕೂಡಬಾರದು. ಎಲ್ಲೋ ಒಂದು ಕಡೆ ಕತ್ತರಿಸಿದರೆ ಬಳ್ಳಿ ಎರಡು ತುಂಡಾಗುತ್ತದೆ. ಎರಡರ ಜನಸಂಖ್ಯೆಯೂ ಸಮವಾಗುವ ಜಾಗವನ್ನು ಹುಡುಕಿ ಕತ್ತರಿಸಿ. ಎರಡು ಹೊಸ ಕ್ಷೇತ್ರಗಳು ಹುಟ್ಟಿದವು. ಇನ್ನೆರಡನ್ನು ಆರಿಸಿ, ಮತ್ತೆ ಮಾಡಿ. ಕಂಪ್ಯೂಟರ್ ಇದನ್ನು ಲಕ್ಷ ಸಲ ಮಾಡುತ್ತದೆ. ಪ್ರತಿ ನಕ್ಷೆಯ ಮೇಲೂ ಹಳೆಯ ಚುನಾವಣೆಯ ಮತಗಳನ್ನು ಹರಡಿ ಯಾರಿಗೆ ಎಷ್ಟು ಸ್ಥಾನ ಬರುತ್ತಿತ್ತು ಎಂದು ಎಣಿಸಿದರಾಯಿತು.

ನಾರ್ತ್ ಕ್ಯಾರಲೈನಾದಲ್ಲಿ 2012ರಲ್ಲಿ ಡೆಮಾಕ್ರಟರು ಅರ್ಧಕ್ಕಿಂತ ತುಸು ಹೆಚ್ಚು ಮತ ಪಡೆದು 13ರಲ್ಲಿ ನಾಲ್ಕೇ ಸ್ಥಾನ ಗೆದ್ದರು. ಡ್ಯೂಕ್ ವಿಶ್ವವಿದ್ಯಾಲಯದ ಗಣಿತಜ್ಞ ಜೊನಾಥನ್ ಮ್ಯಾಟಿಂಗ್ಲಿ ಅವರು ಪದವಿ ತರಗತಿಯ ಒಬ್ಬ ವಿದ್ಯಾರ್ಥಿನಿಯೊಂದಿಗೆ ಕುಳಿತು ಇದು ಕಾಕತಾಳೀಯವೇ ಎಂದು ನೋಡತೊಡಗಿದರು. 2016ರಲ್ಲಿ ಆ ರಾಜ್ಯದ ನಕ್ಷೆಯನ್ನು ಹೊಸದಾಗಿ ಬರೆದಾಗ ಹೊಣೆ ಹೊತ್ತ ರಿಪಬ್ಲಿಕನ್ ಶಾಸಕರೊಬ್ಬರು ತುಂಬಿದ ಸಮಿತಿಯಲ್ಲಿ ಹೇಳಿದರು: ಹತ್ತು ಸ್ಥಾನ ನಮಗೆ, ಮೂರು ಅವರಿಗೆ ಬರುವಂತೆ ಬರೆಯೋಣ, ಏಕೆಂದರೆ ಹನ್ನೊಂದು–ಎರಡು ಸಾಧ್ಯವೆಂದು ನನಗನ್ನಿಸುವುದಿಲ್ಲ. ಹಾಗೆಯೇ ಬಂತು, 10–3. ಮ್ಯಾಟಿಂಗ್ಲಿ ಅವರ 24,518 ನಕ್ಷೆಗಳಲ್ಲಿ 10–3 ಬಂದದ್ದು 162ರಲ್ಲಿ ಮಾತ್ರ, ಶೇ 0.7ಕ್ಕಿಂತ ಕಡಿಮೆ. ಜೋವಿ ಚೆನ್ ಬರೆಸಿದ 3,000 ನಕ್ಷೆಗಳಲ್ಲಿ ಒಂದೊಂದೂ ಡೆಮಾಕ್ರಟರಿಗೆ ಕನಿಷ್ಠ ಒಂದು ಸ್ಥಾನವನ್ನಾದರೂ ಹೆಚ್ಚು ಕೊಡುತ್ತಿತ್ತು.

2019ರಲ್ಲಿ, ಈ ನಕ್ಷೆಯ ವಿರುದ್ಧ ಹೂಡಿದ ರೂಚೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5–4ರಿಂದ, ಪಕ್ಷಕ್ಕಾಗಿ ಗಡಿ ತಿರುಚುವುದು ಫೆಡರಲ್ ನ್ಯಾಯಾಲಯಗಳು ಬಗೆಹರಿಸಬಹುದಾದ ವಿಷಯವಲ್ಲ ಎಂದಿತು. ಡೆಮಾಕ್ರಟರು ತಿರುಚಿದ ಮೇರಿಲ್ಯಾಂಡ್ ನಕ್ಷೆಯೂ ಅದೇ ತೀರ್ಪಿನಲ್ಲಿ ಪಾರಾಯಿತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಎಲೆನಾ ಕೇಗನ್ ಆ 3,000 ನಕ್ಷೆಗಳನ್ನು ಒಂದೊಂದಾಗಿ ಎಣಿಸಿ ತೋರಿಸುವವರ ತಾಳ್ಮೆಯಿಂದ ವಿವರಿಸಿದರು. ನಾರ್ತ್ ಕ್ಯಾರಲೈನಾದ ಮುಂದಿನ ಕಥೆಯನ್ನೂ ಕೇಳಿ. ರಾಜ್ಯದ ನ್ಯಾಯಾಲಯ ಮಧ್ಯೆ ಬಂದು ಸರಿಪಡಿಸಿದ ನಕ್ಷೆಯಲ್ಲಿ 2022ರಲ್ಲಿ, ಸ್ಥಾನಗಳು 14 ಆಗಿದ್ದಾಗ, ಫಲಿತಾಂಶ 7–7. ಆ ನ್ಯಾಯಾಲಯದ ನ್ಯಾಯಾಧೀಶರು ಬದಲಾದರು, ತೀರ್ಪು ತಿರುಗಿತು, ಮತ್ತೆ ಹೊಸ ನಕ್ಷೆ ಬಂತು. 2024ರಲ್ಲಿ 10–4.

ಈ ವಿಧಾನ ಯಾವ ಪಕ್ಷದ ಆಸ್ತಿಯೂ ಅಲ್ಲ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮೂರನೆಯ ಒಂದು ಪಾಲಿನಷ್ಟು ರಿಪಬ್ಲಿಕನ್ ಮತವಿದ್ದರೂ ಒಂಬತ್ತರಲ್ಲಿ ಒಂದು ಸ್ಥಾನವೂ ಅವರಿಗಿಲ್ಲ. ನೋಡಿದವರು ತಿರುಚಿದ್ದಾರೆ ಎಂದೇ ಹೇಳುತ್ತಾರೆ. ಡುಚಿನ್ ತಂಡ ಪರೀಕ್ಷಿಸಿದಾಗ ತಿಳಿದದ್ದು ಬೇರೆ: ಕೆಲವು ಚುನಾವಣೆಗಳ ಮತಗಳನ್ನಿಟ್ಟುಕೊಂಡರೆ, ಎಷ್ಟೇ ಜಾಣತನದಿಂದ ಗೆರೆ ಎಳೆದರೂ ಅಲ್ಲಿ ಒಂದು ರಿಪಬ್ಲಿಕನ್ ಕ್ಷೇತ್ರವನ್ನು ಕಟ್ಟಲು ಆಗುವುದಿಲ್ಲ. ಸಾಂಬಾರಿನಲ್ಲಿ ಕರಗಿದ ಉಪ್ಪಿನ ಹಾಗೆ ಅವರು ಊರೂರಿನಲ್ಲೂ ಸಮನಾಗಿ ಹರಡಿದ್ದಾರೆ.

ಇದೇ ತರ್ಕ ಅಲಬಾಮಾದಲ್ಲಿ ಮತದಾನದ ಹಕ್ಕಿನ ವಿರುದ್ಧವೇ ತಿರುಗಿತು. ಅಲ್ಲಿ ಕಪ್ಪು ಜನ ಸುಮಾರು ಶೇ 27. ಏಳು ಕ್ಷೇತ್ರಗಳಲ್ಲಿ ಅವರು ಬಹುಮತದಲ್ಲಿದ್ದದ್ದು ಒಂದರಲ್ಲಿ. ರಾಜ್ಯದ ನಡುವೆ ಬ್ಲ್ಯಾಕ್ ಬೆಲ್ಟ್ ಎಂಬ ಪಟ್ಟಿ ಹಾದುಹೋಗುತ್ತದೆ. ಹೆಸರು ಬಂದದ್ದು ಕಪ್ಪು ಮಣ್ಣಿನಿಂದ, ನಮ್ಮ ಎರೆ ಭೂಮಿಯಂಥ ಹತ್ತಿಯ ನೆಲ. 1840ರ ದಶಕದಲ್ಲಿ ಧಾರವಾಡದ ಎರೆಹೊಲಗಳಲ್ಲಿ ಬೇರೂರಿದ್ದು ಅಮೆರಿಕದ ಹತ್ತಿಯ ಬೀಜವೇ. ಅಲಬಾಮಾದಲ್ಲಿ ಆ ಹತ್ತಿಯನ್ನು ಬಿಡಿಸಿದ್ದು ಗುಲಾಮರ ಕೈಗಳು. ಅವರ ಸಂತತಿ ಇಂದಿಗೂ ಆ ಪಟ್ಟಿಯಲ್ಲಿ ನೆಲೆಸಿದೆ, ನಕ್ಷೆ ಅವರನ್ನು ಹಲವು ಕ್ಷೇತ್ರಗಳಿಗೆ ಹಂಚಿತ್ತು. ಗಿಂಗಲ್ಸ್ ಷರತ್ತಿನಂತೆ ಎರಡನೆಯ ಕ್ಷೇತ್ರ ಸಾಧ್ಯ ಎಂದು ಡುಚಿನ್ ನಾಲ್ಕು ಮಾದರಿ ನಕ್ಷೆಗಳನ್ನು ಕೊಟ್ಟರು. ರಾಜ್ಯ ಸರ್ಕಾರ ಅವರದೇ ಹಳೆಯ ಸಂಶೋಧನೆಯನ್ನು ಅವರ ಮುಂದೆ ಹಿಡಿಯಿತು: ಜನರ ಬಣ್ಣವನ್ನು ಗಣನೆಗೇ ತೆಗೆದುಕೊಳ್ಳದೆ ಕಂಪ್ಯೂಟರ್ ಬರೆದ 20 ಲಕ್ಷ ನಕ್ಷೆಗಳಲ್ಲಿ ಒಂದರಲ್ಲೂ ಅಂಥ ಎರಡು ಕ್ಷೇತ್ರಗಳಿಲ್ಲ, ಹಾಗಾದರೆ ನಮ್ಮದರಲ್ಲಿ ತಪ್ಪೇನಿದೆ?

ಈ ಪ್ರಶ್ನೆ ಮೇಲ್ನೋಟಕ್ಕೆ ಗಟ್ಟಿಯಾಗಿದೆ. ನಾನೂ ಬಹಳ ದಿನ ಇದರ ಮುಂದೆ ಕುಳಿತಿದ್ದೇನೆ. ಯಾರೋ ಬೇಕೆಂದೇ ನಕ್ಷೆಯನ್ನು ತಿರುಚಿದರೇ ಎಂದು ಪತ್ತೆ ಹಚ್ಚುವಾಗ ಲಕ್ಷಾಂತರ ನಕ್ಷೆಗಳ ನಡುವೆ ಇದು ಎದ್ದು ಕಾಣುತ್ತದೆಯೇ ಎಂದು ಕೇಳುವುದು ಸರಿ. ಆದರೆ 1982ರ ಕಾಯ್ದೆ ಕೇಳುವುದು ಬೇರೆಯೇ ಮಾತನ್ನು. ಜನ ಒಗ್ಗಟ್ಟಾಗಿದ್ದಾರೆ, ಒತ್ತಾಗಿದ್ದಾರೆ, ಪ್ರತಿ ಸಲ ಸೋಲುತ್ತಿದ್ದಾರೆ. ಅವರಿಗೆ ಸಮಾನ ಅವಕಾಶ ಕೊಡುವ ನಕ್ಷೆ ನ್ಯಾಯವಾಗಿ ಬರೆಯಲು ಬರುತ್ತದೆಯೇ ಎಂದು ಅದು ಕೇಳುತ್ತದೆ. ಅದಕ್ಕೆ ಸರಾಸರಿ ನಕ್ಷೆ ಉತ್ತರವಾಗಲಾರದು. 2023ರ ಜೂನ್ 8ರಂದು ಕೋರ್ಟ್ 5–4ರಿಂದ ರಾಜ್ಯದ ವಾದವನ್ನು ತಿರಸ್ಕರಿಸಿತು. ತೀರ್ಪು ಬರೆದವರು ರಾಬರ್ಟ್ಸ್. ಸಾಧ್ಯವಿರುವ ನಕ್ಷೆಗಳ ಸಂಖ್ಯೆ ಲಕ್ಷ ಕೋಟಿಯ ಲಕ್ಷ ಕೋಟಿಗಳ ಲೆಕ್ಕದಲ್ಲಿದೆ, 20 ಲಕ್ಷ ಅದರ ಮುಂದೆ ಏನೂ ಅಲ್ಲ ಎಂಬುದನ್ನೂ ಅವರು ಗಮನಿಸಿದರು. ಅದೇ ನ್ಯಾಯಮೂರ್ತಿಗಳು ಸಂಖ್ಯಾಶಾಸ್ತ್ರಜ್ಞರ ಈ ಮಾತಿಗೆ ಕಿವಿಗೊಟ್ಟದ್ದನ್ನು ಓದಿದಾಗ ನನಗಾದ ಸಮಾಧಾನವನ್ನು ಮುಚ್ಚಿಡುವುದಿಲ್ಲ.

ರಾಜ್ಯದ ಶಾಸನಸಭೆ ಆಮೇಲೂ ಎರಡನೆಯ ಕ್ಷೇತ್ರ ಕೊಡದ ನಕ್ಷೆಯನ್ನೇ ಬರೆಯಿತು. ಕೊನೆಗೆ ಫೆಡರಲ್ ನ್ಯಾಯಾಲಯ ತಾನೇ ತಜ್ಞರಿಂದ ನಕ್ಷೆ ಬರೆಸಿತು. 2024ರ ನವೆಂಬರಿನಲ್ಲಿ ಅಲಬಾಮಾದಿಂದ ಇಬ್ಬರು ಕಪ್ಪು ಪ್ರತಿನಿಧಿಗಳು ಒಟ್ಟಿಗೆ ಆರಿಸಿ ಬಂದರು, ಆ ರಾಜ್ಯದ ಇತಿಹಾಸದಲ್ಲೇ ಮೊದಲ ಸಲ. ಗಡಿಯ ಜಗಳ ಅಲ್ಲಿಗೆ ನಿಲ್ಲಲಿಲ್ಲ. 2025ರಲ್ಲಿ ಟೆಕ್ಸಸ್ ಜನಗಣತಿಗೂ ಕಾಯದೆ ದಶಕದ ನಡುವೆಯೇ ನಕ್ಷೆಯನ್ನು ಬದಲಿಸಿತು, ಕ್ಯಾಲಿಫೋರ್ನಿಯಾ ಅದಕ್ಕೆ ಪ್ರತಿಯಾಗಿ ತನ್ನದನ್ನು ಬದಲಿಸಿತು.

2024ರಲ್ಲಿ ಆ ಇಬ್ಬರಲ್ಲಿ ಒಬ್ಬರಾದ ಶೊಮಾರಿ ಫಿಗರ್ಸ್ ಗೆದ್ದ ಕ್ಷೇತ್ರದ ನಕ್ಷೆಯನ್ನು ನಾನು ತರಗತಿಯಲ್ಲಿ ತೋರಿಸಿದೆ. ಅದರ ಈಶಾನ್ಯ ಭಾಗದಲ್ಲಿ ಮೇಕನ್ ಕೌಂಟಿ ಇದೆ. ಅಲ್ಲಿಯವರೆಗೆ ಅದನ್ನು ಬೇರೊಂದು ಕ್ಷೇತ್ರಕ್ಕೆ ಸೇರಿಸಿದ್ದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುಬಂದು ಆ ಕೌಂಟಿಯೊಳಗಿನ ಊರುಗಳ ಹೆಸರನ್ನು ಬೆರಳಿಟ್ಟು ಓದಿದಳು. ಟಸ್ಕೀಗೀ ಅಲ್ಲಿತ್ತು.